ಓದದೆ ಸೈನ್ ಹಾಕಿದ ಕಾಗದ: ಕಾಸರಗೋಡಿನ ಲಾರಿ ಕ್ಲೇಮ್‌ಗಳು ಎಲ್ಲಿ ಸಿಕ್ಕಿಬೀಳ್ತವೆ

ಹೋದ ಮಳೆಗಾಲದಲ್ಲಿ ನಮ್ಮ ಭಾವನ ಮುರಕಲ್ಲಿನ (ಮನೆ ಕಟ್ಟುವ ಕೆಂಪು ಕಲ್ಲಿನ) ಲಾರಿ ಸೀತಾಂಗೋಳಿ ದಾಟಿ ಕುಂಬಳೆ ಕಡೆ ಇಳಿಯುವಾಗ ಎದುರಿಂದ ಬಂದ ಸ್ಕೂಟರ್ ತಪ್ಪಿಸ್ಲಿಕ್ಕೆ ಹೋಗಿ ರಸ್ತೆ ಬದಿಯ ಬರೆಗೆ, ಅಂದ್ರೆ ಮಣ್ಣಿನ ದಿಬ್ಬಕ್ಕೆ, ಗುದ್ದಿ ಮಗುಚಿ ಬಿತ್ತು. ಸ್ಕೂಟರಿನವರಿಗೆ ಕೈಗೆ ಪೆಟ್ಟಾಯ್ತು, ಡ್ರೈವರ್‌ಗೆ ಹೆಚ್ಚೇನೂ ಆಗಿಲ್ಲ, ಆದ್ರೆ ಕ್ಲೀನರ್ ಹುಡುಗನ ಕಾಲಿನ ಎಲುಬು ಎರಡು ಕಡೆ ಮುರಿದಿತ್ತು. ಭಾವ ಅಲ್ಲಿಗೆ ಮುಟ್ಟುವಾಗ ಹುಡುಗನನ್ನು ಮಂಗಳೂರಿನ ಹತ್ರದ ದೇರಳಕಟ್ಟೆಯ ಆಸ್ಪತ್ರೆಗೆ ಕೊಂಡೋಗಿ ಆಗಿತ್ತು, ಜೆಸಿಬಿ ಬಂದಿತ್ತು, ರಸ್ತೆ ಬ್ಲಾಕ್ ಆಗಿ ಬಸ್ಸಿನವರು ಬೊಬ್ಬೆ ಹಾಕ್ತಾ ಇದ್ರು. ಆ ಗಡಿಬಿಡಿಯಲ್ಲಿ ಸಂಜೆ ಸ್ಟೇಷನ್‌ನಲ್ಲಿ ಒಂದು ಕಾಗದಕ್ಕೆ, ಏಜೆಂಟ್ ತಂದ ಫಾರ್ಮಿಗೆ ಮೂರು ಕಡೆ ಸೈನ್ ಹಾಕಿ ಮನೆಗೆ ಬಂದಿದ್ದಾರೆ. ರಾತ್ರಿ ನಾನು ಫೋನ್ ಮಾಡಿ "ಎಂತ ಬರ್ದಿದ್ದಾರೆ ಭಾವ ಅದರಲ್ಲಿ" ಅಂತ ಕೇಳಿದ್ರೆ "ಒಂದು ಮಲಯಾಳದಲ್ಲಿತ್ತು, ಒಂದು ಇಂಗ್ಲಿಷಿನಲ್ಲಿತ್ತು, ನನಗೆಂತ ಗೊತ್ತು, ಇನ್ಶೂರೆನ್ಸ್ ಉಂಟಲ್ಲ" ಅಂದ್ರು.

ಇನ್ಶೂರೆನ್ಸ್ ಉಂಟಲ್ಲ ಅನ್ನುವ ಈ ಮಾತನ್ನು ಮಂಜೇಶ್ವರದಿಂದ ಚೆಂಗಳದವರೆಗೆ ಲಾರಿ, ಪಿಕಪ್ ಇಟ್ಕೊಂಡವರ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ. ಭಾವನ ಫೈಲ್ ಹಿಡ್ಕೊಂಡು ಈ ಒಂದು ವರ್ಷ ತಿರುಗಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು, ಕ್ಲೇಮ್ ಸಿಗ್ತದಾ ಇಲ್ವಾ ಅನ್ನುವುದರ ಮುಕ್ಕಾಲು ಭಾಗ ಮೊದಲ ಎರಡು ಮೂರು ದಿನದಲ್ಲಿ ಕಾಗದದ ಮೇಲೆ ತೀರ್ಮಾನ ಆಗಿರ್ತದೆ, ಆ ಕಾಗದ ನಮಗೆ ಓದ್ಲಿಕ್ಕೆ ಬಾರದ ಭಾಷೆಯಲ್ಲಿ ಇರ್ತದೆ, ಬಾಕಿ ಕಾಲು ಭಾಗ ಪಾಲಿಸಿ ರಿನೀವ್ ಮಾಡುವಾಗಲೇ ಹೋಗಿರ್ತದೆ.

ಮೊದಲು ಭಾಷೆಯ ವಿಷಯ. ಎಫ್‌ಐಆರ್ ಮಲಯಾಳದಲ್ಲಿ ಬರ್ತದೆ. ನಮ್ಮಲ್ಲಿ ಬಹಳ ಜನ ಮಲಯಾಳ ಮಾತಾಡ್ತಾರೆ, ಪೇಟೆಯಲ್ಲಿ ವ್ಯಾಪಾರ ಮಾಡುವಷ್ಟು ಬರ್ತದೆ, ಲಿಪಿ ಓದ್ಲಿಕ್ಕೆ ಬರುವುದಿಲ್ಲ, ಕನ್ನಡ ಮೀಡಿಯಮ್ ಕಲಿತ ನಮ್ಮ ಪ್ರಾಯದವರಿಗಂತೂ ಇಲ್ಲವೇ ಇಲ್ಲ. ಯಾರಾದ್ರೂ ಓದಿ ಹೇಳಿದ್ರೂ ಅರ್ಥ ತಪ್ಪುವ ಜಾಗ ಉಂಟು. ಮಲಯಾಳದ ಕೋರ್ಟ್ ಭಾಷೆಯಲ್ಲಿ "ಪ್ರತಿ" ಅಂದ್ರೆ ಆರೋಪಿ, ನಮಗೆ ಪ್ರತಿ ಅಂದ್ರೆ ಕಾಪಿ. "ಅಪೇಕ್ಷ" ಅಂದ್ರೆ ಅಲ್ಲಿ ಅರ್ಜಿ. "ಅಶ್ರದ್ಧ" ಅಂದ್ರೆ ನಮಗೆ ಆಸಕ್ತಿ ಇಲ್ಲದೆ ಮಾಡುವುದು ಅಂತ ಕೇಳಿಸ್ತದೆ, ಅಪಘಾತದ ಎಫ್‌ಐಆರ್‌ನಲ್ಲಿ ಅದೇ ಶಬ್ದ ಅಜಾಗರೂಕ ಚಾಲನೆ ಅನ್ನುವ ಕ್ರಿಮಿನಲ್ ಆರೋಪ. ಭಾವ ಆ ಸಂಜೆ ಸೈನ್ ಹಾಕಿದ್ದು ಮೋಟಾರು ವಾಹನ ಕಾನೂನಿನ ಸೆಕ್ಷನ್ 133ರ ನೋಟೀಸಿಗೆ ಉತ್ತರ, ಅಂದ್ರೆ ಆ ಹೊತ್ತಲ್ಲಿ ಲಾರಿ ಓಡಿಸ್ತಿದ್ದದ್ದು ಯಾರು ಅಂತ ಮಾಲೀಕ ಬರೆದು ಕೊಡುವ ಕಾಗದ. ಅದು ಸರಿಯೇ ಇತ್ತು. ಎಡವಟ್ಟಾದದ್ದು ಏಜೆಂಟಿನ ಫಾರ್ಮಿನಲ್ಲಿ. ಅವ "ಬೇಗ ಪಾಸಾಗ್ತದೆ" ಅಂತ ಅಪಘಾತ ಹೇಗಾಯ್ತು ಅನ್ನುವ ಜಾಗದಲ್ಲಿ ಮಳೆಗೆ ಸ್ಕಿಡ್ ಆಗಿ ಬರೆಗೆ ಗುದ್ದಿತು ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರ್ದು, ಬೇರೆಯವರಿಗೆ ಗಾಯ ಆಗಿದೆಯಾ ಅನ್ನುವಲ್ಲಿ ಇಲ್ಲ ಅಂತ ಹಾಕಿದ್ದ. ಸ್ಕೂಟರಿನವರು ಅಷ್ಟರಲ್ಲಿ ದೂರು ಕೊಟ್ಟಾಗಿತ್ತು, ಎಫ್‌ಐಆರ್‌ನಲ್ಲಿ ನಮ್ಮ ಡ್ರೈವರ್ ಒಂದನೇ ಪ್ರತಿ. ಎರಡು ಕಾಗದ ಎರಡು ಕಥೆ ಹೇಳಿದ ಮೇಲೆ ಕಂಪನಿಯವರು ಸುಮ್ಮನೆ ಕೂರ್ತಾರಾ, ತನಿಖೆಗೆ ಜನ ಕಳಿಸಿದ್ರು, ಆಮೇಲೆ "ವಿವರಣೆ ಕೊಡಿ" ಅಂತ ಕಾಗದ ಬಂತು, ನಾಲ್ಕು ತಿಂಗಳು ಅಲ್ಲಿಗೇ ಹೋಯ್ತು.

ಇಲ್ಲಿ ಗೊತ್ತಿರ್ಬೇಕಾದ ವಿಷಯ, 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್, ಅಂದ್ರೆ ಹಳೆ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನಿನ ಸೆಕ್ಷನ್ 173ರ ಪ್ರಕಾರ ದೂರು ಕೊಟ್ಟವರಿಗೆ ಬರೆದದ್ದನ್ನು ಓದಿ ಹೇಳ್ಬೇಕು, ಎಫ್‌ಐಆರ್ ಕಾಪಿ ಪುಕ್ಕಟೆ ಕೊಡ್ಬೇಕು. ಕಾಸರಗೋಡಿನ ಕನ್ನಡದವರು ಸರ್ಕಾರಿ ಆಫೀಸುಗಳಿಗೆ ಕನ್ನಡದಲ್ಲೇ ಬರೀಬಹುದು, ಕನ್ನಡದಲ್ಲೇ ಉತ್ತರ ಕೇಳಬಹುದು ಅಂತ ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲೇ ಉಂಟು. ಭಾಷಾ ಹಕ್ಕು ಅಂದ್ರೆ ನಮ್ಮಲ್ಲಿ ಶಾಲೆ, ಬೋರ್ಡು, ಪಿಎಸ್‌ಸಿ ಪರೀಕ್ಷೆ ಇಷ್ಟೇ ಚರ್ಚೆ ಆಗ್ತದೆ, ಸ್ಟೇಷನ್‌ನಲ್ಲಿ ಹಾಕುವ ಸೈನ್ ಕೂಡ ಅದರೊಳಗೆ ಬರ್ತದೆ ಅಂತ ಹೇಳುವವರು ಕಮ್ಮಿ. ನನಗೆ ಇದು ನಿಜವಾಗಿ ಬೇಜಾರಿನ ವಿಷಯ, ಯಾಕಂದ್ರೆ ಇಲ್ಲಿ ಹೋಗುವುದು ಒಂದು ಮನೆಯ ಹತ್ತು ವರ್ಷದ ದುಡಿಮೆ.

ಇನ್ನು ಪಾಲಿಸಿ. ಲಾರಿ ಅಪಘಾತದಲ್ಲಿ ಕ್ಲೇಮ್ ಅನ್ನುವ ಒಂದೇ ಶಬ್ದದೊಳಗೆ ನಾಲ್ಕು ಬೇರೆ ಬೇರೆ ಲೆಕ್ಕ ಉಂಟು, ಲಾರಿಗೆ ಆದ ಹಾನಿ, ಹೊರಗಿನವರಿಗೆ ಆದ ಹಾನಿ, ನಮ್ಮದೇ ಡ್ರೈವರ್ ಕ್ಲೀನರ್‌ಗೆ ಆದದ್ದು, ಮತ್ತೆ ಲೋಡು. ಕಾನೂನು ಕಡ್ಡಾಯ ಮಾಡಿದ್ದು ಎರಡನೆಯದ್ದನ್ನು, 1988ರ ಮೋಟಾರು ವಾಹನ ಕಾನೂನಿನ ಸೆಕ್ಷನ್ 146. ಅದರಲ್ಲಿ ಸಾವು ಗಾಯಕ್ಕೆ ಮೇಲ್ಮಿತಿ ಇಲ್ಲ, ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷದವರೆಗೆ. ಥರ್ಡ್ ಪಾರ್ಟಿ ಮಾತ್ರ ಕಟ್ಟಿದವರಿಗೆ ತಮ್ಮ ಲಾರಿಗೆ ಒಂದು ರೂಪಾಯಿ ಬರುವುದಿಲ್ಲ, ಇದು ಹೆಚ್ಚಿನವರಿಗೆ ಗೊತ್ತುಂಟು.

ಗೊತ್ತಿಲ್ಲದ್ದು ಮುಂದಿನದ್ದು. ಫುಲ್ ಇನ್ಶೂರೆನ್ಸ್ ಅಂತ ನಾವು ಹೇಳ್ತೇವಲ್ಲ, ಗೂಡ್ಸ್ ಗಾಡಿಯ ಫುಲ್ ಇನ್ಶೂರೆನ್ಸ್ ಕಾರಿನ ಹಾಗೆ ಅಲ್ಲ. ಬಾನೆಟ್, ಬಂಪರ್, ಮಡ್‌ಗಾರ್ಡ್, ಹೆಡ್‌ಲೈಟ್, ಸೈಡ್ ಪಾರ್ಟ್, ಟಯರ್, ಪೈಂಟ್ ಇಷ್ಟಕ್ಕೂ ಹಾನಿ ಆದ್ರೆ ದುಡ್ಡು ಸಿಗ್ಬೇಕಾದ್ರೆ ಐಎಂಟಿ 23 ಅನ್ನುವ ಸೇರ್ಪಡೆ ಪಾಲಿಸಿಯಲ್ಲಿ ಇರ್ಬೇಕು, ಅದಕ್ಕೆ ಪ್ರೀಮಿಯಂ ಬೇರೆ. ಅದಿಲ್ಲದಿದ್ರೆ ಗಾಡಿ ಪೂರ್ತಿ ಹೋಗಿ ಟೋಟಲ್ ಲಾಸ್ ಆಗದೆ ಇವುಗಳಿಗೆ ಕೊಡುವುದಿಲ್ಲ. ಲಾರಿ ಎದುರಿಂದ ಗುದ್ದಿದ್ರೆ ಒಡೆಯುವುದು ಇದೇ ಸಾಮಾನಲ್ವಾ! ಏಜೆಂಟ್ ಎರಡು ಸಾವಿರ ಕಮ್ಮಿ ಪ್ರೀಮಿಯಂ ತೋರಿಸಿದ್ರೆ ಮೊದಲು ನೋಡ್ಬೇಕಾದದ್ದು ಈ 23 ಹೋಗಿದೆಯಾ ಅಂತ.

ಅದಾದ್ಮೇಲೆ ಸವಕಳಿಯ ಕಡಿತ. ಭಾವನ ಲಾರಿಗೆ ಆರು ವರ್ಷ. ಐದು ವರ್ಷ ದಾಟಿ ಹತ್ತರೊಳಗಿನ ಗಾಡಿಯ ಕಬ್ಬಿಣದ ಪಾರ್ಟಿಗೆ ಶೇಕಡ 40 ಕಡಿತ, ರಬ್ಬರ್, ಪ್ಲಾಸ್ಟಿಕ್, ಟಯರ್, ಬ್ಯಾಟರಿಗೆ ಎಷ್ಟು ಹೊಸತಾದ್ರೂ 50, ಫೈಬರ್‌ಗೆ 30, ಗ್ಲಾಸಿಗೆ ಮಾತ್ರ ಕಡಿತ ಇಲ್ಲ. ಒಂದು ಲೆಕ್ಕ ಹಾಕಿ ನೋಡುವ, ಗ್ಯಾರೇಜಿನವ 4 ಲಕ್ಷದ ಎಸ್ಟಿಮೇಟ್ ಕೊಟ್ಟ, ಅದರಲ್ಲಿ ಕಬ್ಬಿಣ 2,40,000, ರಬ್ಬರ್ ಪ್ಲಾಸ್ಟಿಕ್ 50,000, ಗ್ಲಾಸ್ 20,000, ಕೆಲಸದ ಕೂಲಿ 90,000. ಕಬ್ಬಿಣದಲ್ಲಿ 96,000, ರಬ್ಬರಿನಲ್ಲಿ 25,000 ಹೋಯ್ತು. ಉಳಿದದ್ದು 2,79,000, ಅದರಿಂದ ಮಾಲೀಕ ತಾನೇ ಹೊರುವ ಕಡ್ಡಾಯ ಪಾಲು ಮತ್ತು ಗುಜರಿಯ ಬೆಲೆ ಮತ್ತೂ ಕಳೀತಾರೆ. ಇದು ಯಾವ ಮೋಸವೂ ಇಲ್ಲದೆ ನಿಯಮದಂತೆ ನಡೆದಾಗಿನ ಲೆಕ್ಕ. 4 ಲಕ್ಷ ಪೂರ್ತಿ ಬರ್ತದೆ ಅಂತ ನಂಬಿ ಫೈನಾನ್ಸಿನಿಂದ ಸಾಲ ತೆಗೆದು ಗ್ಯಾರೇಜಿಗೆ ಕಟ್ಟಿದವರನ್ನು ನಾನು ನೋಡಿದ್ದೇನೆ, ಆಮೇಲೆ ಕಂತು ಕಟ್ಲಿಕ್ಕೆ ಲಾರಿಯೇ ಮಾರಿದ್ದಾರೆ.

ಹಾನಿ ಎಷ್ಟು ಅಂತ ಲೆಕ್ಕ ಹಾಕ್ಲಿಕ್ಕೆ ಕಂಪನಿ ನೇಮಿಸಿದ ಸರ್ವೇಯರ್ ಬಂದ ದಿನ ನಾನೂ ಇದ್ದೆ. ಮಗುಚಿದ ಲಾರಿಯನ್ನು ಎಬ್ಬಿಸಿ ರಸ್ತೆ ಬದಿಗೆ ಹಾಕಿದ್ರು, ಕಲ್ಲುಗಳು ಅರ್ಧ ಚರಂಡಿಯಲ್ಲಿ ಅರ್ಧ ಬಾಡಿಯಲ್ಲಿ, ಮಳೆಗೆ ನೆನೆದು ಕೆಂಪು ನೀರು ಇಳೀತಿತ್ತು. ಅವರು ಚಾಸಿ ನಂಬ್ರದ ಮೇಲಿನ ಕೆಸರನ್ನು ಬೆರಳಲ್ಲಿ ಉಜ್ಜಿ ಫೋಟೋ ತೆಗೆದ್ರು, ಟಯರಿನ ಗೀರು ನೋಡಿದ್ರು, ಆಮೇಲೆ ಒಂದು ಮಾತೂ ಆಡದೆ ಬಾಡಿಯಲ್ಲಿ ಉಳಿದ ಕಲ್ಲಿನ ಸಾಲು ಎಣಿಸಿದ್ರು, ಅಡ್ಡ ಎಷ್ಟು ಉದ್ದ ಎಷ್ಟು ಎತ್ತರ ಎಷ್ಟು ಅಂತ. ಒಂದು ಕಲ್ಲಿನ ತೂಕಕ್ಕೆ ಗುಣಿಸಿದ್ರೆ ಲೋಡು ಎಷ್ಟಿತ್ತು ಅಂತ ಸಿಗ್ತದಲ್ಲ. ಮುರಕಲ್ಲು ಸಾಗಿಸುವವರಿಗೆ ಈ ಜಾಗವೇ ಕುತ್ತು. ಓವರ್‌ಲೋಡಿಗೆ ದಂಡ 20,000, ಹೆಚ್ಚಾದ ಒಂದೊಂದು ಟನ್ನಿಗೆ 2,000 ಮೇಲೆ ಅಂತ 2019ರ ತಿದ್ದುಪಡಿಯಲ್ಲಿ ಉಂಟು, ಅದು ಆರ್‌ಟಿಒ ಲೆಕ್ಕ. ಇನ್ಶೂರೆನ್ಸಿನಲ್ಲಿ ಓವರ್‌ಲೋಡ್ ಆದ್ರೆ ಕ್ಲೇಮ್ ಪೂರ್ತಿ ಹೋಯ್ತು ಅಂತ ಹೇಳುವುದು ಮಾತ್ರ ತಪ್ಪು. ಇಂಥ ಷರತ್ತು ಮುರಿದಾಗ ಕೊಡ್ಬೇಕಾದ ಮೊತ್ತದ ಶೇಕಡ 75ರವರೆಗೆ ಕೊಡುವ ಪದ್ಧತಿ ಉಂಟು, ನಾನ್‌ಸ್ಟ್ಯಾಂಡರ್ಡ್ ಅಂತ ಹೇಳ್ತಾರೆ, ಸುಪ್ರೀಂ ಕೋರ್ಟ್ 2010ರಲ್ಲಿ ಅಮಲೇಂದು ಸಾಹೂ ಕೇಸಿನಲ್ಲಿ ಇದನ್ನೇ ಹಿಡಿದು ತೀರ್ಪು ಕೊಟ್ಟಿದೆ. ಫೋನಲ್ಲಿ "ಸಿಗ್ಲಿಕ್ಕಿಲ್ಲ" ಅಂತ ಯಾರೋ ಹೇಳಿದ್ದನ್ನು ಕೇಳಿ ಫೈಲ್ ಬಿಟ್ಟುಬಿಡುವವರು ಈ 75ನ್ನೂ ಬಿಟ್ಟ ಹಾಗೆ.

ದಿನದ ಲೆಕ್ಕವೂ ಈಗ ಬರೆದಿಟ್ಟದ್ದುಂಟು. ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಸರ್ಕ್ಯುಲರ್ ಪ್ರಕಾರ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸ್ಬೇಕು, 15 ದಿನದಲ್ಲಿ ವರದಿ, ವರದಿ ಸಿಕ್ಕಿ 7 ದಿನದಲ್ಲಿ ಕಂಪನಿಯ ತೀರ್ಮಾನ. ಕಾಗದ ಸಾಲದು ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸ್ಲಿಕ್ಕಿಲ್ಲ. ಇದನ್ನು ಬಾಯಲ್ಲಿ ಹೇಳಿದ್ರೆ ಪ್ರಯೋಜನ ಇಲ್ಲ, ಈಮೇಲ್‌ನಲ್ಲಿ ತಾರೀಕು ಹಾಕಿ ಕೇಳ್ಬೇಕು.

ಹೊರಗಿನವರ, ಅಂದ್ರೆ ಥರ್ಡ್ ಪಾರ್ಟಿಯ ಕೇಸಿಗೆ ಬರುವ, ಮಾಲೀಕನ ಮನೆಮಠ ನಿಜವಾಗಿ ಹೋಗುವುದು ಇಲ್ಲಿ. ಲಾರಿ ಗುದ್ದಿ ತೀರಿಕೊಂಡವನಿಗೆ 34 ವರ್ಷ, ತಿಂಗಳಿಗೆ 20,000 ದುಡೀತಿದ್ದ, ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ಅಮ್ಮ ಅಂತ ಇಟ್ಕೊಳ್ಳಿ. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಥಿ ತೀರ್ಪಿನಂತೆ ಸ್ವಂತ ದುಡಿಮೆಯವನಿಗೆ ಮುಂದಿನ ಆದಾಯ ಅಂತ ಶೇಕಡ 40 ಸೇರಿಸಿ 28,000, ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದ್ರೆ 21,000, ವರ್ಷಕ್ಕೆ 2,52,000, ಆ ವಯಸ್ಸಿಗೆ 16ರಿಂದ ಗುಣಿಸಿದ್ರೆ 40,32,000. ಮೇಲೆ ಬಡ್ಡಿ. ಪಾಲಿಸಿ ಸರಿ ಇದ್ರೆ ಇದನ್ನು ಕಂಪನಿ ಕೊಡ್ತದೆ. ಪರ್ಮಿಟ್ ಇಲ್ಲದಿದ್ರೆ, ಡ್ರೈವರ್‌ನ ಲೈಸೆನ್ಸ್ ಆ ಗಾಡಿಗೆ ಆಗದ್ದಾದ್ರೆ, ಅಪಘಾತದ ಪರಿಹಾರ ತೀರ್ಮಾನ ಮಾಡುವ ಟ್ರಿಬ್ಯುನಲ್ ಹೆಚ್ಚಾಗಿ ಕಂಪನಿಗೆ ಹೇಳುವುದು "ಮೊದಲು ನೀವು ಕೊಡಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿ" ಅಂತ. 2004ರ ಸ್ವರಣ್ ಸಿಂಗ್ ತೀರ್ಪಿನ ನಂತರ ಇದು ರೂಢಿ ಆಗಿದೆ, ಪರ್ಮಿಟ್ ಇಲ್ಲದ ಗಾಡಿಯ ವಿಷಯದಲ್ಲಿ 2018ರ ಅಮೃತ್ ಪಾಲ್ ಸಿಂಗ್ ಕೇಸಿನಲ್ಲೂ ಅದೇ ಆಯ್ತು. ಸತ್ತವರ ಮನೆಯವರಿಗೆ ದುಡ್ಡು ಸಿಗ್ತದೆ, ಸಿಗ್ಲೇಬೇಕು, ಆದ್ರೆ ವಸೂಲಿಗೆ ನಿಲ್ಲುವುದು ಮಾಲೀಕನ ತೋಟ. ಟ್ರಾನ್ಸ್‌ಪೋರ್ಟ್ ಲೈಸೆನ್ಸಿನ ಅವಧಿ 5 ವರ್ಷ, ಗ್ಯಾಸ್ ಪೆಟ್ರೋಲ್ ಟ್ಯಾಂಕರಿನ ಹಾಗಿನ ಅಪಾಯದ ಸಾಮಾನು ಸಾಗಿಸುವುದಕ್ಕೆ 3 ವರ್ಷ, ಎಂಟು ವರ್ಷ ದಾಟಿದ ಗಾಡಿಗೆ ಫಿಟ್‌ನೆಸ್ ಪ್ರತಿ ವರ್ಷ. ಈ ತಾರೀಕುಗಳನ್ನು ಡ್ರೈವರಿಗೆ ಬಿಡದೆ ಮಾಲೀಕ ತಾನೇ ಬರೆದಿಡ್ಬೇಕು. ಪಿಕಪ್‌ನವರಿಗೆ ಒಂದು ನೆಮ್ಮದಿ ಉಂಟು, 7,500 ಕಿಲೋದೊಳಗಿನ ಗಾಡಿಯನ್ನು ಎಲ್‌ಎಂವಿ (ಕಾರಿನಂಥ ಹಗುರ ಗಾಡಿಯ) ಲೈಸೆನ್ಸಿನಲ್ಲೇ ಓಡಿಸ್ಬಹುದು ಅಂತ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿಯಾಗಿದೆ. ಈಗಲೂ ಇದೇ ಕಾರಣ ಕೊಟ್ಟು ತಿರಸ್ಕರಿಸಿದ ಕಾಗದ ಬಂದ್ರೆ ಈ ತೀರ್ಪು ತೋರಿಸಿ.

ಮತ್ತೊಂದು ನಮ್ಮ ಕಡೆಯ ಅಭ್ಯಾಸ. ಮದುವೆ, ಜಾತ್ರೆ, ಉರೂಸ್ ಅಂದ್ರೆ ಪಿಕಪ್ ಹಿಂದೆ ಇಪ್ಪತ್ತು ಜನ ಹತ್ತುವುದು. ಗೂಡ್ಸ್ ಗಾಡಿಯಲ್ಲಿ ಹೀಗೆ ಸುಮ್ಮನೆ ಕೂತವರಿಗೆ ವಿಮಾ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ ಆಶಾ ರಾಣಿ ಕೇಸಿನಲ್ಲಿ 2002ರಲ್ಲೇ ಹೇಳಿದೆ. ತನ್ನ ಅಡಿಕೆ ಗೋಣಿಯ ಜೊತೆ ಹೋಗುವ ವ್ಯಾಪಾರಿ, ಅಂದ್ರೆ ಸಾಮಾನಿನ ಮಾಲೀಕ ಅಥವಾ ಅವನು ಕಳಿಸಿದ ಜನ, ಅವರು ರಕ್ಷಣೆಯೊಳಗೆ ಬರ್ತಾರೆ.

ಆ ಅಡಿಕೆಗೆ ಮಾತ್ರ ಲಾರಿಯ ಪಾಲಿಸಿಯಲ್ಲಿ ಏನೂ ಇಲ್ಲ. ಹತ್ತು ಟನ್ ಅಡಿಕೆ ಕಿಲೋಗೆ 400 ಹಿಡಿದ್ರೂ 40 ಲಕ್ಷ. ಹೆಚ್ಚಿನ ಬೆಲೆ ಮೊದಲೇ ಬರೆದು ಕೊಡದಿದ್ರೆ ಸಾಗಾಟದವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ತದೆ, ಬಾಡಿಗೆ 12,000 ಆದ್ರೆ 1,20,000. ಲೋಡಿನ ಮಾಲೀಕರು ಸಾಗಾಟದವರಿಗೆ 180 ದಿನದೊಳಗೆ ನೋಟೀಸ್ ಕೊಡ್ಬೇಕು. ಲೋಡಿಗೆ ಬೇರೆ ಟ್ರಾನ್ಸಿಟ್ ಪಾಲಿಸಿ ಮಾಡುವುದೇ ದಾರಿ.

ಗಡಿಯ ಕಷ್ಟ ಇನ್ನೊಂದು. ಗುದ್ದಿದ್ದು ಕೇರಳದಲ್ಲಿ, ಆಸ್ಪತ್ರೆ ಮಂಗಳೂರಲ್ಲಿ. ದೊಡ್ಡ ಪೆಟ್ಟು ಬಿದ್ರೆ ನಮಗೆ ದೇರಳಕಟ್ಟೆ, ಮಂಗಳೂರು ಬಿಟ್ಟು ಬೇರೆ ಗತಿ ಎಲ್ಲುಂಟು, 2020ರಲ್ಲಿ ತಲಪಾಡಿ ಗಡಿ ಬಂದ್ ಮಾಡಿದಾಗ ಅನುಭವಿಸಿದ್ದು ಮರ್ತಿಲ್ಲ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸ್ಬೇಕಾದ ಕೇಸು) ಅಂತ ಅಲ್ಲಿನ ಪೊಲೀಸರಿಗೆ ತಿಳಿಸ್ತಾರೆ, ಅದು ನಮ್ಮ ಸ್ಟೇಷನಿಗೆ ಮುಟ್ಟುವಾಗ ದಿನಗಳು ಹೋಗ್ತವೆ, ಕೆಲವೊಮ್ಮೆ ಮುಟ್ಟುವುದೇ ಇಲ್ಲ. ಆಮೇಲೆ ಟ್ರಿಬ್ಯುನಲ್‌ನಲ್ಲಿ "ಇಷ್ಟು ತಡ ಯಾಕೆ, ನಿಜವಾಗಿ ಈ ಲಾರಿಯೇ ಗುದ್ದಿದ್ದಾ" ಅನ್ನುವ ಪ್ರಶ್ನೆ. ಅಡ್ಮಿಟ್ ಮಾಡುವಾಗಲೇ ಎಲ್ಲಿ, ಯಾವ ನಂಬ್ರದ ಗಾಡಿ ಅಂತ ಆಸ್ಪತ್ರೆಯ ಕಾಗದದಲ್ಲಿ ಬರೆಸ್ಬೇಕು, "ಬೈಕಿಂದ ಬಿದ್ದದ್ದು" ಅಂತ ಯಾರೋ ಗಡಿಬಿಡಿಯಲ್ಲಿ ಹೇಳಿ ಹೋದ್ರೆ ಆ ಒಂದು ಸಾಲು ಕೊನೆಯವರೆಗೂ ಕಾಡ್ತದೆ. ತಲಪಾಡಿಯ ಆಚೆ ಈಚೆ ಅಂತ ಸ್ಟೇಷನ್ ತಕರಾರು ಬಂದ್ರೆ ಗಡಿ ನೋಡದೆ ಮೊದಲು ದೂರು ಬರ್ಕೊಳ್ಬೇಕು ಅಂತ ಕಾನೂನೇ ಹೇಳ್ತದೆ, ಜೀರೋ ಎಫ್‌ಐಆರ್ ಅಂದ್ರೆ ಅದು. ಚಿಕಿತ್ಸೆಗೆ ಮೊದಲ ಏಳು ದಿನ ಒಂದೂವರೆ ಲಕ್ಷದವರೆಗೆ ಕ್ಯಾಶ್‌ಲೆಸ್ ಅಂತ 2025ರ ಮೇ ತಿಂಗಳಿಂದ ಕೇಂದ್ರದ ಸ್ಕೀಮ್ ಉಂಟು, ಅದನ್ನೂ ಅಡ್ಮಿಶನ್ ಕೌಂಟರಿನಲ್ಲೇ ಕೇಳ್ಬೇಕು.

ಅಪಘಾತ ಕರ್ನಾಟಕದಲ್ಲೇ ಆಗಿದ್ರೂ ಕೇಸು ಅಲ್ಲೇ ಹಾಕ್ಬೇಕೆಂದಿಲ್ಲ, ಮೋಟಾರು ವಾಹನ ಕಾನೂನಿನ ಸೆಕ್ಷನ್ 166ರಲ್ಲಿ ಅರ್ಜಿದಾರ ತಾನು ವಾಸ ಇರುವ ಊರಿನ ಟ್ರಿಬ್ಯುನಲ್ ಆರಿಸ್ಬಹುದು. ಹಾಗಾಗಿ ಪೈವಳಿಕೆಯವನಿಗೆ ಬಿ.ಸಿ.ರೋಡಿನಲ್ಲಿ ಪೆಟ್ಟಾದ್ರೂ ಕಾಸರಗೋಡು ವಿದ್ಯಾನಗರದ ಕೋರ್ಟಿಗೆ ಬರ್ಬಹುದು. ಅರ್ಜಿಗೆ ಆರು ತಿಂಗಳ ಗಡುವು 2022ರ ಎಪ್ರಿಲ್ 1ರಿಂದ ಮತ್ತೆ ಬಂದಿದೆ. ಅದರ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತಡ ಆಯ್ತು ಅಂತ ಅರ್ಜಿ ವಜಾ ಮಾಡ್ಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಆಗಿದೆ, ಅದು ಮಧ್ಯಂತರ ಮಾತ್ರ, ಅದನ್ನು ನಂಬಿ ಕೂರದೆ ಆರು ತಿಂಗಳೊಳಗೆ ಹಾಕುವುದೇ ಒಳ್ಳೆದು. ಅದೇ 2022ರ ಎಪ್ರಿಲ್‌ನಿಂದ ಬಂದ ನಿಯಮದಲ್ಲಿ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಟ್ರಿಬ್ಯುನಲ್‌ಗೂ ವಿಮಾ ಕಂಪನಿಗೂ ಕಳಿಸ್ಬೇಕು, 90 ದಿನದಲ್ಲಿ ಪೂರ್ತಿ ವರದಿ, ಪೆಟ್ಟಾದವರ ಹಕ್ಕು ಏನು ಅಂತ ಬರೆದ ಫಾರ್ಮ್ ಕೂಡ ಅವರ ಕೈಗೆ ಕೊಡ್ಬೇಕು ಅಂತ ಉಂಟು. ಆ ಫಾರ್ಮನ್ನು ಕನ್ನಡದಲ್ಲಿ ಅಚ್ಚು ಹಾಕಿ ಕುಂಬಳೆ, ಮಂಜೇಶ್ವರ, ಬದಿಯಡ್ಕ ಸ್ಟೇಷನ್‌ಗಳಲ್ಲಿ ಇಟ್ರೆ ಆಸ್ಪತ್ರೆ ಬಾಗಿಲಲ್ಲಿ "ಕೇಸು ನಾವು ಮಾಡಿಸ್ತೇವೆ, ಅರ್ಧ ನಮಗೆ" ಅಂತ ನಿಲ್ಲುವ ದಲ್ಲಾಳಿಗಳ ಕೆಲಸ ಅರ್ಧ ನಿಲ್ತದೆ. ಇದಕ್ಕೆ ದೊಡ್ಡ ಖರ್ಚಿಲ್ಲ, ನಮ್ಮ ಪಂಚಾಯತ್ ಮೆಂಬರುಗಳು, ಲಾರಿ ಮಾಲೀಕರ ಸಂಘದವರು ಒಂದು ಮನವಿ ಕೊಡ್ಬೇಕು.

ಕಂಪನಿ ಇಲ್ಲ ಅಂದ್ರೆ ಅಲ್ಲಿಗೆ ಮುಗೀತು ಅಂತ ಅಲ್ಲ. ಒಂದೇ ಲಾರಿ ಇಟ್ಕೊಂಡು ಸ್ವಂತ ಹೆಸರಲ್ಲಿ ದುಡಿಯುವವರು ಕೊಚ್ಚಿಯ ವಿಮಾ ಒಂಬುಡ್ಸ್‌ಮನ್‌ಗೆ, ಅಂದ್ರೆ ವಿಮೆಯ ದೂರು ತೀರ್ಮಾನ ಮಾಡುವ ಅಧಿಕಾರಿಗೆ, ದೂರು ಕೊಡ್ಬಹುದು, ಫೀಸಿಲ್ಲ, ವಕೀಲರೂ ಬೇಡ, ತಿರಸ್ಕಾರದ ಕಾಗದ ಸಿಕ್ಕಿ ಒಂದು ವರ್ಷದೊಳಗೆ ಕೊಡ್ಬೇಕು. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ. ಲಾರಿ ವ್ಯಾಪಾರಕ್ಕೆ ಇರುವುದು, ನೀವು ಗ್ರಾಹಕರೇ ಅಲ್ಲ ಅಂತ ಕಂಪನಿಯ ವಕೀಲರು ವಾದ ಮಾಡ್ತಿದ್ರು, ವಿಮೆ ಮಾಡುವುದು ನಷ್ಟ ತುಂಬ್ಲಿಕ್ಕೆ, ಲಾಭ ಮಾಡ್ಲಿಕ್ಕಲ್ಲ ಅಂತ ಹಾರ್ಸೋಲಿಯಾ ಮೋಟರ್ಸ್ ಕೇಸಿನಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ತೆರೆದಿಟ್ಟಿದೆ.

ಭಾವನ ಫೈಲ್ ಈಗ ಎಲ್ಲಿದೆ ಅಂದ್ರೆ, ನಾವು ಎಫ್‌ಐಆರ್ ಕಾಪಿಯನ್ನು ಕೇರಳ ಪೊಲೀಸರ ತುಣ ಪೋರ್ಟಲಿಂದ ಇಳಿಸಿ, ಮಲಯಾಳ ಮೇಷ್ಟ್ರೊಬ್ಬರ ಹತ್ರ ಸಾಲು ಸಾಲು ಓದಿಸಿ, ಕನ್ನಡದಲ್ಲಿ ನಡೆದದ್ದನ್ನು ಇದ್ದ ಹಾಗೆ ಬರ್ದು, ಫಾರ್ಮ್ ತುಂಬಿದ್ದು ಏಜೆಂಟ್ ಅಂತಲೂ ಹೇಳಿ, ಅದರ ಇಂಗ್ಲಿಷ್ ಜೊತೆಗಿಟ್ಟು ಕಳಿಸಿದೆವು. ಲೋಡು ಹೆಚ್ಚಿದ್ದದ್ದನ್ನೂ ಮುಚ್ಚಿಡ್ಲಿಲ್ಲ. ಕಂಪನಿ ನಾನ್‌ಸ್ಟ್ಯಾಂಡರ್ಡ್ ಲೆಕ್ಕದಲ್ಲಿ ಕೊಡುವುದಾಗಿ ಒಪ್ಪಿದೆ.

ಕ್ಲೀನರ್ ಹುಡುಗನದ್ದು ಬಾಕಿ ಉಂಟು. ಸಂಬಳಕ್ಕೆ ಇರುವ ಡ್ರೈವರ್, ಕ್ಲೀನರ್‌ಗೆ ಅಂತ ಪಾಲಿಸಿಯಲ್ಲಿ ತಲೆಗೆ 50 ರೂಪಾಯಿಯ ಒಂದು ಸಾಲು ಇರ್ತದೆ, ಭಾವನದ್ದರಲ್ಲಿ ಪುಣ್ಯಕ್ಕೆ ಅದಿತ್ತು. ಕಾರ್ಮಿಕ ಪರಿಹಾರದ ಲೆಕ್ಕದಲ್ಲಿ ಕೆಲಸದವ ತೀರಿಕೊಂಡ್ರೆ ಸಂಬಳದ ಅರ್ಧವನ್ನು ವಯಸ್ಸಿನ ಅಂಕೆಯಿಂದ ಗುಣಿಸ್ತಾರೆ, 30 ವರ್ಷಕ್ಕೆ 207.98, ಸಂಬಳ 15,000 ಆದ್ರೆ ಸುಮಾರು 15.60 ಲಕ್ಷ, ಆ ಐವತ್ತು ರೂಪಾಯಿ ಕಟ್ಟದವ ಇಷ್ಟನ್ನು ಕೈಯಿಂದ ಕೊಡ್ಬೇಕಾದೀತು. ಗಾಯಕ್ಕೆ ಲೆಕ್ಕ ಬೇರೆ, ಎಷ್ಟು ಅಂಗವೈಕಲ್ಯ ಅಂತ ಡಾಕ್ಟರ್ ಬರ್ದು ಕೊಡ್ಬೇಕು. ಇಲ್ಲಿ ಕಂಪನಿ ಕೇಳಿದ ಮೊದಲ ಪ್ರಶ್ನೆ, ಈ ಹುಡುಗ ನಿಮ್ಮಲ್ಲಿ ಕೆಲಸಕ್ಕಿದ್ದ ಅನ್ನುವುದಕ್ಕೆ ದಾಖಲೆ ಎಂತ ಉಂಟು. ರಿಜಿಸ್ಟರ್ ಇಲ್ಲ, ಪೇ ಸ್ಲಿಪ್ ಇಲ್ಲ. ಕಡೆಗೆ ಅವನೇ ಫೋನ್ ತೆಗೆದು ತೋರಿಸಿದ, ಪ್ರತಿ ಶನಿವಾರ ಸಂಜೆ ಭಾವ ಗೂಗಲ್ ಪೇಯಲ್ಲಿ ಹಾಕಿದ ಸಂಬಳ, ಒಂದರ ಕೆಳಗೆ ಒಂದು, ಹದಿನಾಲ್ಕು ತಿಂಗಳದ್ದು. ಬ್ಯಾಂಕಿನಿಂದ ಸೀಲ್ ಹಾಕಿಸಿ ಅದನ್ನು ಫೈಲಿಗೆ ಸೇರಿಸಿದ್ದೇವೆ. ಕಾಲಿನ ರಾಡ್ ತೆಗೀಲಿಕ್ಕೆ ಮುಂದಿನ ತಿಂಗಳು ಡೇಟ್ ಕೊಟ್ಟಿದ್ದಾರೆ, ಆ ಬಿಲ್ಲೂ ಬರ್ಲಿಕ್ಕುಂಟು.